ಅಕ್ಕನ ಕೆನ್ನೆ ತುಂಬಿಕೊಂಡ ವರ್ಷ

ಕಾರ್ಕಳದಲ್ಲಿ ಒಂದು ಮದುವೆ. ಊಟ ಮುಗಿಸಿ ಹಾಲ್‌ನ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೆವು, ನಾನು ಮತ್ತು ಅಕ್ಕ. ದೂರದ ಸಂಬಂಧದ ಹೆಂಗಸೊಬ್ಬರು ಬಂದು ನನ್ನ ಕೈ ಹಿಡಿದು ಮಾತಾಡಿಸಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಇವರು ನಿಮ್ಮ ತಂಗಿಯಾ?" ಎಂದು ನನ್ನನ್ನೇ ಕೇಳಿದರು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಆಗ ಅವಳಿಗೆ ಅರವತ್ತೆಂಟು. ಅವಳು ತಿದ್ದಲಿಲ್ಲ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಆದರೆ ನಗುತ್ತಲೇ ಅವಳ ಮುಖವನ್ನು ಅಪರಿಚಿತರ ಮುಖ ನೋಡುವ ಹಾಗೆ ನೋಡಿದೆ. ಹೌದು, ಕೆನ್ನೆ ತುಂಬಿಕೊಂಡಿತ್ತು. ಬಾಯಿಯ ಎರಡೂ ಬದಿಗೆ ಇಳಿದಿದ್ದ ಗೆರೆಗಳು ಇರಲಿಲ್ಲ. ಬಣ್ಣದಲ್ಲಿ ಒಂದು ಕೆಂಪು ಸೇರಿತ್ತು. ಹೋದ ವರ್ಷದ ದೀಪಾವಳಿಗೆ ಕಂಡಿದ್ದ ಮುಖ ಇದಲ್ಲ.

ಕೂದಲಿಗೆ ಬಣ್ಣ ಹಾಕಿದರೆ ಗೊತ್ತಾಗುತ್ತದೆ, ಪಾರ್ಲರಿಗೆ ಹೋಗಿ ಬಂದರೂ ಗೊತ್ತಾಗುತ್ತದೆ. ಇದು ಎರಡೂ ಅಲ್ಲ ಅಂತ ನನಗೆ ಅಲ್ಲೇ ಅನ್ನಿಸಿತು.

ಅಕ್ಕ ಕಾಪುವಿನಲ್ಲಿ ಒಬ್ಬಳೇ ಇರುವುದು. ಬಾವ ತೀರಿಕೊಂಡು ಬಹಳ ವರ್ಷವಾಯಿತು, ಮಕ್ಕಳಿಲ್ಲ. ಪೇಟೆಯಲ್ಲಿ ರವಿಕೆ ಹೊಲಿಯುವ ಸಣ್ಣ ಅಂಗಡಿ, ಅದರ ಹಿಂದೆಯೇ ಮನೆ. ಜೀವಮಾನವೆಲ್ಲ ಹೊಲಿಗೆ ಮೆಷಿನ್ ತುಳಿದು ಅವಳ ಮೊಣಕಾಲು ಹಾಳಾಗಿತ್ತು. ಬಸ್ಸಿನಿಂದ ಇಳಿಯುವಾಗ ಬೆನ್ನು ತಿರುಗಿಸಿ, ಹಿಂದೆ ಹಿಂದೆ ಕಾಲಿಟ್ಟು ಇಳಿಯುತ್ತಿದ್ದಳು. ಅಂಥವಳು ಆ ಮದುವೆಯ ದಿನ ಹಾಲ್‌ನ ಮೆಟ್ಟಿಲುಗಳನ್ನು ನನಗಿಂತ ಮೊದಲು ಹತ್ತಿ ಮೇಲೆ ನಿಂತಿದ್ದಳು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆ ಮಾಡಿ ಮಾಡಿ ನನಗೆ ಒಂದು ಚಟ ಬಿದ್ದಿದೆ. ಉತ್ತರ ಸರಿಯಿದ್ದರೆ ಸಂತೋಷವಾಗುವ ಮೊದಲು ಎಲ್ಲಿಂದ ಬಂತು ಎಂಬ ಅನುಮಾನ ಬರುತ್ತದೆ.

ಮನೆಗೆ ಹೋಗುವ ದಾರಿಯಲ್ಲಿ ಕೇಳಿದೆ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ತಿಂತಿದ್ದಿ ನೀನು?"

"ಒಂದು ಪುಡಿ ಉಂಟು. ಉಡುಪಿಯಲ್ಲಿ ಕೊಡ್ತಾರೆ. ವಯಸ್ಸು ನಿಲ್ಲಿಸುವುದು." ಅಕ್ಕ ಅದನ್ನು ತೊಗರಿಬೇಳೆ ತಂದೆ ಎನ್ನುವಷ್ಟು ಸಹಜವಾಗಿ ಹೇಳಿದಳು. "ನೀನೂ ಬಾ ಒಮ್ಮೆ. ನಿನಗೂ ಬೇಕು."

ಆ ಕೊನೆಯ ಮಾತು ನನಗೆ ತಾಗಿತು. ಆದರೂ ಹೋದೆ.

ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ತಿರ, ಚಪ್ಪಲಿ ಅಂಗಡಿಯ ಮೇಲಿನ ಮಹಡಿ. ಬಾಗಿಲಲ್ಲಿ ಬೋರ್ಡು ಉಂಟು, ಬೋರ್ಡಿನಲ್ಲಿ ಡಾಕ್ಟರ್ ಎಂಬ ಪದ ಇಲ್ಲ. ಒಳಗೆ ಬಿಳಿ ಕೋಟು ಹಾಕಿದ ನಲವತ್ತರ ಆಸುಪಾಸಿನ ಗಂಡಸು. ಏಸಿ, ಗೋಡೆಯಲ್ಲಿ ಒಂದು ದೊಡ್ಡ ಚಿತ್ರ. ಚಿತ್ರ ನೋಡಿದೊಡನೆ ನಾನು ತಬ್ಬಿಬ್ಬಾದೆ. ಕ್ರೋಮೋಸೋಮಿನ ಚಿತ್ರ ಅದು, ತುದಿಗಳಿಗೆ ಕೆಂಪು ಟೋಪಿ ಹಾಕಿದ ಹಾಗೆ ಬಣ್ಣ ಬಳಿದಿತ್ತು. ಇದೇ ಚಿತ್ರವನ್ನು ನಾನು ಕರಿಹಲಗೆಯ ಮೇಲೆ ಕೆಂಪು ಚಾಕಿನಲ್ಲಿ ಬರೆದಿದ್ದೆ, ವರ್ಷ ವರ್ಷವೂ.

ಆತ ಅಕ್ಕನನ್ನು 'ಅಮ್ಮಾ' ಎಂದು ಕರೆದು ಕೂರಿಸಿ, ನನ್ನ ಕಡೆ ತಿರುಗಿ ವಿವರಿಸತೊಡಗಿದ. ಜೀವಕೋಶ ಒಡೆದು ಎರಡಾಗುವ ಪ್ರತಿ ಸಲವೂ ಈ ತುದಿ ಸ್ವಲ್ಪ ಸ್ವಲ್ಪ ಸವೆಯುತ್ತದೆ, ಇದಕ್ಕೆ ಟೆಲೊಮಿಯರ್ ಅಂತ ಹೆಸರು, ಪೂರ್ತಿ ಸವೆದ ಮೇಲೆ ಕೋಶ ಒಡೆಯುವುದನ್ನೇ ನಿಲ್ಲಿಸುತ್ತದೆ. ಕೆಲವು ಮುದಿ ಕೋಶಗಳು ಸಾಯುವುದೂ ಇಲ್ಲ, ಕೆಲಸವೂ ಮಾಡುವುದಿಲ್ಲ, ಅಲ್ಲೇ ಕೂತು ನೆರೆಹೊರೆಯ ಕೋಶಗಳನ್ನು ಕೆರಳಿಸುತ್ತವೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾ ದಣಿಯುತ್ತವೆ. ಮುಪ್ಪು ಅಂದರೆ ಇದೇ ಮೇಡಂ, ಎಂದ.

ಒಂದು ಪದವೂ ತಪ್ಪಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದರಿಂದಲೇ. ಅವನು ಮಂತ್ರ, ಶಕ್ತಿ, ಕಿರಣ ಅಂತ ಏನಾದರೂ ಹೇಳಿದ್ದರೆ ಅಕ್ಕನ ಕೈ ಹಿಡಿದು ಎಬ್ಬಿಸಿಕೊಂಡು ಬರುತ್ತಿದ್ದೆ. ಅವನು ನನ್ನ ಪಾಠವನ್ನೇ ನನಗೆ ಒಪ್ಪಿಸುತ್ತಿದ್ದ.

"ಈ ಪುಡಿ ಆ ತುದಿಯನ್ನು ಉದ್ದ ಮಾಡುತ್ತದೆ ಅಂತ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆ.

"ರಿಸಲ್ಟ್ ನಿಮ್ಮ ಪಕ್ಕದಲ್ಲೇ ಕೂತಿದ್ದಾರಲ್ಲ ಮೇಡಂ."

ಅಕ್ಕ ನಾಚಿಕೊಂಡಳು.

"ಕ್ಯಾನ್ಸರ್ ಕೋಶವೂ ತನ್ನ ತುದಿಯನ್ನು ಸವೆಯಲಿಕ್ಕೆ ಬಿಡುವುದಿಲ್ಲ. ಉದ್ದ ಆದರೆ ಒಳ್ಳೆಯದೇ ಅಂತ ಹೇಳ್ಲಿಕ್ಕೆ ಆಗ್ತದಾ?"

"ನೀವು ಬಹಳ ಓದಿದ್ದೀರಿ ಮೇಡಂ," ಎಂದು ಆತ ನಕ್ಕ.

ಆಮೇಲೆ ಒಂದು ಯಂತ್ರ ತಂದ. ಲೋಹದ ತಟ್ಟೆಯ ಮೇಲೆ ಅಂಗೈ ಇಟ್ಟರೆ ಪರದೆಯಲ್ಲಿ ದೇಹದ ನಿಜವಾದ ವಯಸ್ಸು ಬರುತ್ತದೆಯಂತೆ. ಅಕ್ಕನಿಗೆ ನಲವತ್ತೊಂಬತ್ತು ಬಂತು. ನನಗೆ ಎಪ್ಪತ್ತೆರಡು. ನಾನು ಕೈ ತೊಳೆದು ಬರುತ್ತೇನೆಂದು ಹೇಳಿ ಹೋದೆ. ಬೇಕೆಂದೇ ಒರೆಸಿಕೊಳ್ಳದೆ ಬಂದು, ಒದ್ದೆ ಅಂಗೈಯನ್ನೇ ಇಟ್ಟೆ. ಐವತ್ತೈದು ಬಂತು.

"ಕೈ ತೊಳೆದದ್ದಕ್ಕೇ ಹದಿನೇಳು ವರ್ಷ ಕಡಿಮೆ ಆಯ್ತು ನೋಡಿ," ಎಂದೆ.

"ತೇವ ಇದ್ದರೆ ರೀಡಿಂಗ್ ತಪ್ಪಾಗ್ತದೆ ಮೇಡಂ," ಎಂದು ಆತ ಸಮಾಧಾನದಿಂದ ತಟ್ಟೆ ಒರೆಸಿದ. ಅಕ್ಕ ನನಗೆ ಕಾಯದೆ ಮೆಟ್ಟಿಲು ಇಳಿದಳು. ಅವಳ ಚೀಲದಲ್ಲಿ ಪುಡಿಯ ಇನ್ನೊಂದು ಡಬ್ಬಿ ಇತ್ತು.

ಆ ಡಬ್ಬಿಯನ್ನು ನಾನು ಕಾಪುವಿನಲ್ಲಿ ಅವಳು ಸ್ನಾನಕ್ಕೆ ಹೋದಾಗ ನೋಡಿದೆ. ಅಶ್ವಗಂಧ, ನೆಲ್ಲಿ, ಅಮೃತಬಳ್ಳಿ ಎಂದು ಬರೆದಿತ್ತು. ತಯಾರಿಸಿದವರ ಹೆಸರಿತ್ತು, ಊರು ಇರಲಿಲ್ಲ. ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡೆ. ಕಹಿ. ಅಮೃತಬಳ್ಳಿಯೂ ಕಹಿಯೇ, ಪುಡಿ ಮಾಡಿ ಬೆರೆಸಿದ ಮಾತ್ರೆಯೂ ಕಹಿಯೇ. ಅದರಿಂದ ಏನೂ ತಿಳಿಯಲಿಲ್ಲ.

ಅವತ್ತು ಮಧ್ಯಾಹ್ನ ಅಕ್ಕ ಬಂಗುಡೆ ತಂದು, ನೆಲದ ಮೇಲೆ ಮಣೆ ಹಾಕಿ ಕೂತು ಕೊಯ್ದಳು. ತುಂಬ ಮಾತಾಡುತ್ತಿದ್ದಳು. ಈಗೀಗ ನಿದ್ದೆಯೇ ಬೇಡವಾಗಿದೆ, ಬೆಳಗ್ಗೆ ಎದ್ದರೆ ಕೆಲಸ ಹುಡುಕಿಕೊಂಡು ಮಾಡುವ ಹಾಗೆ ಆಗುತ್ತದೆ, ಹಸಿವೆಯಂತೂ ಕೇಳಬೇಡ, ಎಂದಳು. ಮೀನು ಕೊಯ್ದಾದ ಮೇಲೆ ಏಳಲಿಕ್ಕೆ ಹೊರಟಳು. ಏಳಲಾಗಲಿಲ್ಲ. ಒಂದು ಕೈ ನೆಲಕ್ಕೆ ಊರಿದಳು, ಇನ್ನೊಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಂಡಳು. "ಕಾಲು ಜೋಮು ಹಿಡಿದದ್ದು," ಎಂದಳು, ನಾನು ಕೇಳದೆಯೇ.

ಸರಳು ಹಿಡಿದ ಕೈಯ ಸೆರಗು ಜಾರಿದಾಗ ಮುಂಗೈ ಮೇಲೆ ನೇರಳೆ ಬಣ್ಣದ ಕಲೆಗಳು ಕಂಡವು. ಜಜ್ಜಿದ ನೇರಳೆ ಹಣ್ಣಿನ ರಸ ಬಿದ್ದ ಹಾಗೆ.

"ಇದು ಎಂತದು?"

"ಎಲ್ಲೋ ತಾಗಿದ್ದು. ಅಂಗಡಿಯಲ್ಲಿ ಮೇಜು ತಾಗ್ತದೆ."

ಮುಖಕ್ಕೆ ಹರೆಯ ಬಂದಿದೆ, ಚರ್ಮ ಮಾತ್ರ ಕಾಗದದ ಹಾಗೆ ತೆಳುವಾಗಿದೆ. ಮೊಣಕಾಲು ನೋವಿಲ್ಲ, ತೊಡೆಯಲ್ಲಿ ಶಕ್ತಿಯಿಲ್ಲ. ಮುಪ್ಪು ನಿಜವಾಗಿ ಹಿಂದೆ ಸರಿದಿದ್ದರೆ ಹೀಗೆ ಒಂದು ಕಡೆ ಬಿಟ್ಟು ಒಂದು ಕಡೆ ಸರಿಯುತ್ತದಾ? ವಯಸ್ಸಾದವರಲ್ಲಿ ಮೊದಲು ಕರಗುವುದು ತೊಡೆಯ ಮಾಂಸಖಂಡ. ಅದನ್ನು ಉಳಿಸಿಕೊಂಡವರು ತಾವೇ ಎದ್ದು ನಡೆಯುತ್ತಾರೆ, ಕಳೆದುಕೊಂಡವರು ಬೀಳುತ್ತಾರೆ. ಕೆನ್ನೆಯನ್ನು ನಂಬುವುದಾ, ತೊಡೆಯನ್ನು ನಂಬುವುದಾ ಎಂದು ಯಾರಾದರೂ ಕೇಳಿದರೆ ನಾನು ತೊಡೆಯನ್ನು ನಂಬುತ್ತೇನೆ.

ನನಗೆ ಒಂದು ಹೆಸರು ಹೊಳೆದಿತ್ತು. ಸ್ಟೀರಾಯ್ಡ್. ನೋವು ಇಳಿಸುತ್ತದೆ, ಹಸಿವೆ ಏರಿಸುತ್ತದೆ, ಮುಖವನ್ನು ಹುಣ್ಣಿಮೆಯ ಹಾಗೆ ದುಂಡಗೆ ಮಾಡುತ್ತದೆ, ಒಳಗೆ ಎಲುಬನ್ನೂ ಮಾಂಸವನ್ನೂ ತಿನ್ನುತ್ತದೆ. ಊಟವಾದ ಮೇಲೆ ಹೇಳಿದೆ.

"ಅಕ್ಕ, ಆ ಪುಡಿಯಲ್ಲಿ ಬೇರೆ ಏನೋ ಉಂಟು. ಒಮ್ಮೆ ರಕ್ತ ಪರೀಕ್ಷೆ ಮಾಡಿಸುವ. ಮಣಿಪಾಲಕ್ಕೆ ಹೋಗುವ. ನೀನಾಗಿ ತಟ್ಟನೆ ನಿಲ್ಲಿಸಬೇಡ, ಡಾಕ್ಟರ್ ಹೇಳಿದ ಹಾಗೆ ಮಾಡುವ."

ಅವಳು ತಟ್ಟೆ ತೊಳೆಯುತ್ತಿದ್ದವಳು ತಿರುಗಿ ನಿಂತಳು. "ನಾನು ನೋವಿನಲ್ಲಿ ಬಸ್ ಇಳಿಯುವಾಗ ನಿನಗೆ ಪರೀಕ್ಷೆ ನೆನಪಾಗಲಿಲ್ಲ. ಈಗ ಯಾರೋ ನಿನ್ನನ್ನು ಅಕ್ಕ ಅಂದರು, ಅದಕ್ಕೆ ನೆನಪಾಯ್ತು. ಅಲ್ವಾ?"

"ಹಾಗಲ್ಲ ಮಾರಾಯ್ತಿ."

"ಹಾಗೆಯೇ."

ಶಿರ್ವ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ಕೂತು ಕಾರ್ಕಳಕ್ಕೆ ವಾಪಸಾಗುವಾಗ ದಾರಿಯುದ್ದಕ್ಕೂ ನನ್ನನ್ನೇ ಅನುಮಾನಿಸಿದೆ. ಅವಳು ಹೇಳಿದ್ದರಲ್ಲಿ ಸ್ವಲ್ಪ ನಿಜ ಇರಬಹುದಲ್ಲವೇ? ಅವನ ಯಂತ್ರ ನನಗೆ ಎಪ್ಪತ್ತೆರಡು ತೋರಿಸಿದ್ದಕ್ಕೇ ನಾನು ಕೈ ತೊಳೆಯಲು ಎದ್ದದ್ದಲ್ಲವೇ? ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದೆ. ಅವರು ಪೇಪರ್ ಮಡಚಿ, "ನಿನಗೆ ಹೊಟ್ಟೆಕಿಚ್ಚು ಇದ್ದರೂ ಇರಲಿ, ಆ ಕಲೆ ಇರುವುದು ಹೌದಲ್ಲ?" ಎಂದರು. ಅದು ನನಗೆ ಸರಿ ಅನ್ನಿಸಿತು.

ಆಮೇಲೆ ಫೋನ್ ಮಾಡಿದರೆ ಅಕ್ಕ ಎತ್ತುತ್ತಿದ್ದಳು, ಎರಡು ಮಾತು ಆಡಿ ಗಿರಾಕಿ ಬಂದರು ಎಂದು ಇಡುತ್ತಿದ್ದಳು. ನಾನು ಪರೀಕ್ಷೆಯ ಮಾತು ತೆಗೆದರೆ ಗಿರಾಕಿ ಇನ್ನೂ ಬೇಗ ಬರುತ್ತಿದ್ದರು. ಹೀಗೆ ಮಳೆಗಾಲ ಕಳೆಯಿತು.

ಅಕ್ಟೋಬರಿನ ಒಂದು ಬೆಳಗ್ಗೆ ಅವಳ ಪಕ್ಕದ ಮನೆಯ ಹೆಂಗಸಿನ ಫೋನ್ ಬಂತು. ಬ್ಯಾರಿ ಮುಸ್ಲಿಂ ಕುಟುಂಬ ಅವರದು, ಗಂಡನಿಗೆ ಸೌದಿಯ ದಮ್ಮಾಮಿನಲ್ಲಿ ಕೆಲಸ. ಅಕ್ಕನೂ ಅವರೂ ಗೋಡೆಯ ಮೇಲೆ ಸಾರು, ಅಕ್ಕಿಯ ಪತ್ತಿರಿ ರೊಟ್ಟಿ ದಾಟಿಸಿಕೊಳ್ಳುವಷ್ಟು ಆಪ್ತರು.

"ಟೀಚರೇ, ನೀವು ಬೇಗ ಬನ್ನಿ. ಅಕ್ಕ ಬಾಗಿಲು ತೆಗೆಯಲಿಲ್ಲ ಅಂತ ಹಿಂದಿನಿಂದ ಹೋಗಿ ನೋಡಿದೆ. ಅಡುಗೆಮನೆಯಲ್ಲಿ ಬಿದ್ದಿದ್ದಾರೆ. ಮಾತಾಡ್ತಾರೆ, ಆದರೆ ಏಳಲಿಕ್ಕೆ ಆಗುವುದಿಲ್ಲ. ಮೂರ್ನಾಲ್ಕು ದಿನದಿಂದ ವಾಂತಿ ಇತ್ತು. ನಿಮಗೆ ಹೇಳಬೇಡ ಅಂದಿದ್ದರು."

"ಆಂಬುಲೆನ್ಸಿಗೆ ಹೇಳಿ. ನಾವು ನೇರ ಮಣಿಪಾಲಕ್ಕೆ ಬರ್ತೇವೆ."

"ಹೇಳಿದ್ದೇನೆ. ನಾನೂ ಅದರಲ್ಲೇ ಬರ್ತೇನೆ."

ನಾವು ಆಸ್ಪತ್ರೆ ತಲುಪಿದಾಗ ಅಕ್ಕ ಎಮರ್ಜೆನ್ಸಿಯ ಮಂಚದಲ್ಲಿದ್ದಳು. ಡ್ರಿಪ್ ಹಾಕಿದ್ದರು. ಮುಖ ಈಗಲೂ ದುಂಡಗೆ, ಆದರೆ ಬೂದಿಯ ಬಣ್ಣ. ರಕ್ತದೊತ್ತಡ ತೀರಾ ಕೆಳಗಿತ್ತು. ಒಬ್ಬ ಯುವ ಡಾಕ್ಟರಮ್ಮ ಅವಳ ಮುಂಗೈ ಎತ್ತಿ ಕಲೆಗಳನ್ನು ನೋಡಿ, ಕುತ್ತಿಗೆಯ ಹಿಂಬದಿಯ ಕೊಬ್ಬಿನ ಉಬ್ಬು ಮುಟ್ಟಿ ನೋಡಿ ಕೇಳಿದರು:

"ಅಮ್ಮಾ, ಯಾವುದಾದರೂ ಪುಡಿ, ಮಾತ್ರೆ, ನಾಟಿ ಮದ್ದು ತೆಗೆದುಕೊಳ್ತಿದ್ರಾ?"

"ಇಲ್ಲ," ಎಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ.

"ಉಂಟು," ಎಂದೆ ನಾನು.

"ಉಂಟಲ್ಲ ಅಕ್ಕಾ, ಯಾಕೆ ಸುಳ್ಳು ಹೇಳ್ತೀರಿ," ಎಂದು ಪಕ್ಕದ ಮನೆಯವರು ಬಟ್ಟೆಯ ಚೀಲದಿಂದ ಖಾಲಿ ಡಬ್ಬಿ ತೆಗೆದರು. ಅವರೇ ಎಲ್ಲ ಹೇಳಿದರು. ಹೋದ ವಾರ ಅಕ್ಕ ಹೊಸ ಡಬ್ಬಿಗೆಂದು ಉಡುಪಿಗೆ ಹೋಗಿದ್ದಳು. ಮಹಡಿಯ ಬಾಗಿಲಿಗೆ ಬೀಗ. ಬೋರ್ಡೂ ಇಲ್ಲ. ಕೆಳಗಿನ ಚಪ್ಪಲಿ ಅಂಗಡಿಯವರಿಗೆ ಪುಡಿಯವನು ಯಾವಾಗ ಖಾಲಿ ಮಾಡಿದನೆಂದೇ ಗೊತ್ತಿಲ್ಲ. ಆತ ಕೊಟ್ಟಿದ್ದ ನಂಬರಿಗೆ ಫೋನ್ ಹೋಗುವುದಿಲ್ಲ. ಪುಡಿ ಮುಗಿದ ಮೇಲೆ ಅವಳಿಗೆ ಸುಸ್ತು, ತಲೆಸುತ್ತು, ವಾಂತಿ.

ಡಾಕ್ಟರಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ ಪಕ್ಕಕ್ಕಿಟ್ಟರು. ರಕ್ತ ತೆಗೆಸಿದ ಕೂಡಲೇ, ವರದಿಗೆ ಕಾಯದೆ, ಇಂಜೆಕ್ಷನ್ ಕೊಟ್ಟರು. ಸಂಜೆಯೊಳಗೆ ಅಕ್ಕ ದಿಂಬಿಗೆ ಒರಗಿ ಕೂತಳು, ಗಂಜಿ ಕೇಳಿದಳು. ಮರುದಿನ ವರದಿ ಬಂದ ಮೇಲೆ ಡಾಕ್ಟರಮ್ಮ ಮಂಚದ ಪಕ್ಕ ಕುರ್ಚಿ ಎಳೆದು ಕೂತು ಹೇಳಿದರು. ನಮ್ಮ ಮೂತ್ರಪಿಂಡದ ಮೇಲೆ ಎರಡು ಸಣ್ಣ ಗ್ರಂಥಿಗಳಿವೆ. ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ಅವೇ ತಯಾರಿಸುತ್ತವೆ. ಹೊರಗಿನಿಂದ ತಿಂಗಳುಗಟ್ಟಲೆ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತಿದ್ದರೆ ಅವು ಕೆಲಸ ನಿಲ್ಲಿಸಿಬಿಡುತ್ತವೆ. ಆಮೇಲೆ ಒಮ್ಮೆಲೇ ಹೊರಗಿನದೂ ನಿಂತರೆ ದೇಹದಲ್ಲಿ ಏನೂ ಇಲ್ಲ.

"ಈಗ ಎಂತ ಮದ್ದು?" ಎಂದಳು ಅಕ್ಕ.

"ಅದೇ ಸ್ಟೀರಾಯ್ಡ್. ಕಡಿಮೆ ಪ್ರಮಾಣದಲ್ಲಿ ಕೊಟ್ಟು, ನಿಧಾನಕ್ಕೆ ಇಳಿಸಿ, ಗ್ರಂಥಿಯನ್ನು ಎಬ್ಬಿಸಬೇಕು. ತಿಂಗಳುಗಳೇ ಬೇಕು."

ಅಕ್ಕ, "ಹಾಗಾದರೆ ಅವನು ಕೊಟ್ಟದ್ದೂ ನೀವು ಕೊಡುವುದೂ ಒಂದೇ ಅಲ್ವಾ?" ಎಂದು ಕೇಳಿದಳು. ವಾದಕ್ಕೆ ಕೇಳಿದ್ದಲ್ಲ. ನಿಜಕ್ಕೂ ಅವಳಿಗೆ ತಿಳಿಯಬೇಕಿತ್ತು.

"ನಾನು ಏನು ಕೊಡ್ತೇನೆ ಅಂತ ನಿಮಗೆ ಹೇಳ್ತಿದ್ದೇನಮ್ಮಾ," ಎಂದರು ಡಾಕ್ಟರಮ್ಮ. "ಎಷ್ಟು ಅಂತಲೂ, ಯಾವಾಗ ನಿಲ್ಲಿಸ್ತೇನೆ ಅಂತಲೂ."

ಎಲುಬಿನ ಸ್ಕ್ಯಾನ್ ಕೂಡ ಮಾಡಿದರು. ಅವಳ ವಯಸ್ಸಿಗೆ ಇರಬೇಕಾದ್ದಕ್ಕಿಂತ ತೆಳುವಾಗಿತ್ತು. ಸಕ್ಕರೆಯೂ ಏರಿತ್ತು. ನನ್ನ ಅನುಮಾನ ಒಂದೊಂದಾಗಿ ನಿಜವಾಗುವುದನ್ನು ಕೇಳುತ್ತಾ ನಿಂತಿದ್ದೆ. ಯಾವ ಗೆಲುವೂ ಅನ್ನಿಸಲಿಲ್ಲ. ಪಕ್ಕದ ಮನೆಯವರು ಅಕ್ಕನ ಪಾದ ತಿಕ್ಕುತ್ತಿದ್ದರು.

ಪೊಲೀಸರಿಗೆ ದೂರು ಕೊಟ್ಟೆವು. ಡಬ್ಬಿಯಲ್ಲಿ ಅಂಟಿದ್ದ ಪುಡಿಯನ್ನು ತೆಗೆದುಕೊಂಡು ಹೋದರು. ಇದನ್ನು ಬರೆಯುವವರೆಗೂ ಏನೂ ಗೊತ್ತಾಗಿಲ್ಲ. ಆತ ಇನ್ನೊಂದು ಊರಿನಲ್ಲಿ ಇನ್ನೊಂದು ಮಹಡಿ ಹಿಡಿದಿರಬಹುದು ಎಂಬುದು ನನ್ನ ಅನುಮಾನ.

ಅಕ್ಕನನ್ನು ನಾನು ಕಾರ್ಕಳಕ್ಕೆ ಕರೆದುಕೊಂಡು ಬಂದೆ. ಮಾತ್ರೆ ಇಳಿಸಿದ ಹಾಗೆ ಅವಳ ಮುಖವೂ ಇಳಿಯುತ್ತಾ ಬಂತು. ಕೆನ್ನೆ ಜೋತುಬಿತ್ತು, ಬಾಯಿಯ ಬದಿಯ ಗೆರೆಗಳು ಮೊದಲಿಗಿಂತ ಆಳವಾಗಿ ಬಂದವು. ಮೊಣಕಾಲು ನೋವು ತಿರುಗಿ ಬಂತು. ಒಂದು ದಿನ ಬಚ್ಚಲಿನ ಕನ್ನಡಿಯ ಮುಂದೆ ನಿಂತಿದ್ದವಳು ನನ್ನನ್ನು ಕರೆದಳು.

"ಸಮಾಧಾನ ಆಯ್ತಾ ನಿನಗೆ?"

ನಾನು ಸ್ಟೂಲನ್ನು ಅವಳ ಹತ್ತಿರ ಸರಿಸಿದೆ.

"ನೋವಿಲ್ಲದೆ ಒಂದು ವರ್ಷ ಇದ್ದೆ. ಕಡಲ ಬದಿಯಲ್ಲಿ ಲೈಟ್‌ಹೌಸಿನವರೆಗೆ ನಡೆದುಕೊಂಡು ಹೋಗಿ ಬರ್ತಿದ್ದೆ. ಅದು ಸುಳ್ಳು ಅಂತ ಮಾತ್ರ ನನಗೆ ಹೇಳಬೇಡ. ಮದ್ದು ಸುಳ್ಳು. ನಾನು ನಡೆದದ್ದು ಸುಳ್ಳಲ್ಲ."

"ಹೇಳುವುದಿಲ್ಲ," ಎಂದೆ. ಅದನ್ನು ಸುಳ್ಳು ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ.

ಆಮೇಲೆ ಅವಳು ಬಚ್ಚಲಿನ ಸ್ಟೂಲಿನ ಮೇಲೆ ಕೂತಳು. "ಹಾಗಾದರೆ ನಿಜವಾದದ್ದು ಯಾವುದು? ನೀನು ಇಷ್ಟು ಪಾಠ ಮಾಡಿದ್ದಿ. ವಯಸ್ಸು ನಿಧಾನ ಮಾಡುವುದು ಯಾವುದಾದರೂ ಉಂಟಾ, ಇಲ್ಲವಾ?"

ಹಿಂದಿನ ದಿನಗಳಲ್ಲಾದರೆ ನಾನು ಕ್ರೋಮೋಸೋಮಿನಿಂದ ಶುರು ಮಾಡುತ್ತಿದ್ದೆ. ಇಲಿಗಳಿಗೆ ಊಟ ಕಡಿಮೆ ಕೊಟ್ಟರೆ ಹೆಚ್ಚು ದಿನ ಬದುಕುತ್ತವೆ, ಮನುಷ್ಯರಲ್ಲಿ ಹಾಗೆಯೇ ಎಂದು ಯಾರೂ ಖಚಿತವಾಗಿ ಹೇಳಲಾರರು, ಎಂದೆಲ್ಲ. ಅಂದು ಅಷ್ಟು ಹೇಳಲಿಲ್ಲ. "ನಿಲ್ಲಿಸುವುದು ಯಾವುದೂ ಇಲ್ಲ ಅಕ್ಕ. ಮಾಂಸಖಂಡ ಉಳಿಸಿಕೊಳ್ಳಬೇಕು, ಅದಕ್ಕೆ ದಿನಾ ಕೆಲಸ ಕೊಡಬೇಕು. ನಿದ್ದೆ ಮಾಡಬೇಕು. ಸಕ್ಕರೆ, ಬಿಪಿ ಹದದಲ್ಲಿರಬೇಕು. ಬೀಡಿ ಸಿಗರೇಟು ನಿನಗಿಲ್ಲ. ಇಷ್ಟರಲ್ಲಿ ಸ್ವಲ್ಪ ನಿಧಾನ ಆಗ್ತದೆ. ಅಷ್ಟೇ ನಮಗೆ ಗೊತ್ತಿರುವುದು."

"ಇಷ್ಟೇನಾ?" ಅವಳು ನನ್ನನ್ನು ಅನುಮಾನದಿಂದ ನೋಡಿದಳು. "ಇಷ್ಟಕ್ಕೆ ನೀನು ಇಷ್ಟು ವರ್ಷ ಪಾಠ ಮಾಡಿದ್ದಾ?"

ಅಂದಿನಿಂದ ಅವಳು ಯಾವುದನ್ನೂ ಕೇಳದೆ ನಂಬುವುದಿಲ್ಲ. ಡಾಕ್ಟರಮ್ಮನ ಹತ್ತಿರ ಪ್ರತಿ ಮಾತ್ರೆಯ ಹೆಸರು ಹೇಳಿಸಿಕೊಳ್ಳುತ್ತಾಳೆ, ಕ್ಯಾಲ್ಸಿಯಂ ಯಾಕೆ, ಎಷ್ಟು ಸಮಯ ಎಂದು ಕೇಳುತ್ತಾಳೆ. ಪಡುಬಿದ್ರಿಯ ಸಂಬಂಧಿಕರು ಚರ್ಮಕ್ಕೆ ಒಳ್ಳೆಯದೆಂದು ಒಂದು ಜ್ಯೂಸ್ ತಂದುಕೊಟ್ಟಾಗ, "ನೀವು ಕುಡಿದು ಎಷ್ಟು ಸಮಯ ಆಯ್ತು, ಕೈ ಊರದೆ ನೆಲದಿಂದ ಏಳ್ಲಿಕ್ಕೆ ಆಗ್ತದಾ" ಎಂದು ವಿಚಾರಣೆ ಮಾಡಿ ಅವರನ್ನು ಕಂಗಾಲು ಮಾಡಿದಳು. ಫಿಸಿಯೊಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಮೊದಮೊದಲು ಬೈದುಕೊಂಡು, ಆಮೇಲೆ ಬೈಯದೆ ಮಾಡತೊಡಗಿದಳು. ಬೇಸಿಗೆಯ ಹೊತ್ತಿಗೆ ಡಾಕ್ಟರಮ್ಮ ಸ್ಟೀರಾಯ್ಡ್ ಪೂರ್ತಿ ನಿಲ್ಲಿಸಿದರು. ಅಕ್ಕ ಕಾಪುವಿಗೆ ವಾಪಸಾಗಿ ಅಂಗಡಿ ತೆರೆದಳು. ತುಳಿಯುವ ಮೆಷಿನ್ನಿಗೆ ಮೋಟಾರ್ ಹಾಕಿಸಿಕೊಂಡಳು.

ಕೊನೆಯ ಸಲ ಅವಳನ್ನು ಮಣಿಪಾಲಕ್ಕೆ ತೋರಿಸಲಿಕ್ಕೆ ಕರೆದುಕೊಂಡು ಹೋದಾಗ ಲಿಫ್ಟಿನ ಮುಂದೆ ಬಹಳ ಜನ ಇದ್ದರು. ಮೆಟ್ಟಿಲಲ್ಲೇ ಇಳಿಯುವ ಎಂದಳು. ಅವಳು ಕೋಲು ಊರಿಕೊಂಡು ನಿಧಾನಕ್ಕೆ ಇಳಿಯುತ್ತಿದ್ದಳು. ನಾನು ಅವಳ ಹಿಂದೆ. ಅರ್ಧ ಇಳಿದ ಮೇಲೆ ನಿಂತು ತಿರುಗಿ ನೋಡಿದಳು.

"ನೀನು ಯಾವಾಗಿಂದ ಕಂಬಿ ಹಿಡಿದುಕೊಂಡು ಇಳಿಯುವುದು?"

"ಸುಮ್ಮನೆ ಕೈ ಇಟ್ಟದ್ದು."

"ಸುಳ್ಳು. ಬಲಗಾಲು ಊರುವಾಗ ಮಾತ್ರ ಹಿಡೀತಿ. ಮೇಲಿನಿಂದಲೂ ನೋಡ್ತಾ ಇದ್ದೇನೆ."

ಹೌದು, ಕೆಲವು ತಿಂಗಳಿಂದ ಬಲ ಮೊಣಕಾಲು ನೋಯುತ್ತಿತ್ತು. ಗಂಡನಿಗೂ ಹೇಳಿರಲಿಲ್ಲ. ಅವಳು ಕೋಲನ್ನು ನನ್ನ ಕೈಗೆ ಕೊಟ್ಟು, ತಾನು ಕಂಬಿ ಹಿಡಿದು, ಬಂದ ಮೆಟ್ಟಿಲನ್ನೇ ತಿರುಗಿ ಹತ್ತತೊಡಗಿದಳು.

"ಎಲ್ಲಿಗೆ ಹೊರಟದ್ದು?" ಎಂದೆ.

"ಫಿಸಿಯೊಥೆರಪಿಯವರು ಹೊರಡುವ ಮೊದಲು ನಿನ್ನ ಹೆಸರು ಬರೆಸಲಿಕ್ಕೆ. ಬಾ."